ಸೂಜಿ, ಎಣ್ಣೆ, ಕಪ್, ಕಟ್ಟು: ನೋವಿಗೆ ಕೈಚಿಕಿತ್ಸೆ ಮಾಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ನೋವು ಕೆಲಸದ ಬೆನ್ನು ಹತ್ತಿಯೇ ಬರುತ್ತದೆ. ಸಿಂಧನೂರು, ಮಾನ್ವಿ, ಗಂಗಾವತಿಯ ಗದ್ದೆಗಳಲ್ಲಿ ಬಗ್ಗಿ ಭತ್ತ ಹಚ್ಚುವವರಿಗೆ ನಡ, ಬಳ್ಳಾರಿಯ ಜೀನ್ಸ್ ಹೊಲಿಯುವವರಿಗೆ ಕುತ್ತಿಗೆ, ಸಂಡೂರಿನ ಅದಿರು ಲಾರಿ ಓಡಿಸುವವರಿಗೆ ಬೆನ್ನು, ಅಕ್ಕಿ ಗಿರಣಿಯ ಹಮಾಲರಿಗೆ ಹೆಗಲು. ಗುಳಿಗೆ ನುಂಗಿ ಸಾಕಾದವರು ಸೂಜಿ ಚುಚ್ಚುವ ಅಕ್ಯುಪಂಕ್ಚರ್, ಕಪ್ ಹಚ್ಚುವ ಹಿಜಾಮಾ, ನಡದ ಮೇಲೆ ಎಣ್ಣೆ ನಿಲ್ಲಿಸುವ ಕಟಿಬಸ್ತಿ, ಪಟ್ಟಿ ಇಟ್ಟು ಬಿಗಿಯುವ ಪುತ್ತೂರು ಕಟ್ಟು ಎಂದು ಹುಡುಕಿಕೊಂಡು ಹೋಗುತ್ತಾರೆ. ಹಾಗೆ ಹೊರಟವರಿಗಾಗಿ ಈ ಪುಟ.

ಅಕ್ಯುಪಂಕ್ಚರ್ ಯಾವ ನೋವಿಗೆ ನಿಜವಾಗಿ ಉಪಯೋಗ?

ಮೂರು ತಿಂಗಳಿಗಿಂತ ಹಳೆಯದಾದ ನಡನೋವು, ಕುತ್ತಿಗೆ ನೋವು, ಸವೆದ ಮೊಣಕಾಲಿನ ನೋವು, ಹೆಗಲು ನೋವು, ಮೇಲಿಂದ ಮೇಲೆ ಬರುವ ತಲೆನೋವು, ಮೈಗ್ರೇನ್. ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಇವುಗಳ ಮೇಲೆಯೇ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 20 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಸೂಜಿ ಹಾಕಿಸಿಕೊಳ್ಳದವರಿಗಿಂತ ಹಾಕಿಸಿಕೊಂಡವರಿಗೆ ನೋವು ಕಡಿಮೆಯಾಗಿತ್ತು, ಒಂದು ವರ್ಷದ ನಂತರವೂ ಆ ಗುಣದ ಬಹುಪಾಲು ಉಳಿದಿತ್ತು. ಆದರೆ ಸುಳ್ಳು ಸೂಜಿ, ಅಂದರೆ ತಪ್ಪು ಜಾಗದಲ್ಲಿ ಮೇಲೆಮೇಲೆ ಚುಚ್ಚಿದ ಅಥವಾ ಚುಚ್ಚಿದಂತೆ ಮಾಡಿದ ಸೂಜಿ ಹಾಕಿಸಿಕೊಂಡವರ ಜೊತೆ ಹೋಲಿಸಿದಾಗ ವ್ಯತ್ಯಾಸ ಸಣ್ಣದಿತ್ತು. ಗುಣದಲ್ಲಿ ಒಂದು ಪಾಲು ಸೂಜಿಯದು. ಉಳಿದದ್ದು ಅರ್ಧ ಗಂಟೆಯ ವಿಶ್ರಾಂತಿ, ಯಾರೋ ಕೂತು ವಿಚಾರಿಸಿದ ಸಮಾಧಾನ, ವಾಸಿಯಾಗುತ್ತದೆ ಎಂಬ ನಂಬಿಕೆ.

ಪರಿಣತರಲ್ಲೇ ಒಮ್ಮತವಿಲ್ಲ. ಯಾವ ಚಿಕಿತ್ಸೆ ಕೊಡಬೇಕೆಂದು ಮಾರ್ಗಸೂಚಿ ಬರೆಯುವ ಬ್ರಿಟನ್‌ನ ನೈಸ್ ಸಂಸ್ಥೆ 2016ರಲ್ಲಿ ನಡನೋವಿಗೆ ಅಕ್ಯುಪಂಕ್ಚರ್ ಕೊಡಬೇಡಿ ಎಂದಿತು. ಅದೇ ಸಂಸ್ಥೆ 2021ರಲ್ಲಿ, ಬೇರೆ ಕಾರಣ ಸಿಗದ ದೀರ್ಘಕಾಲದ ನೋವಿಗೆ ಒಂದು ಸುತ್ತು ಮಾಡಿಸಿ ನೋಡಬಹುದು ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹಳೆಯ ನಡನೋವಿಗೂ ಇದನ್ನು ಷರತ್ತಿನ ಮೇಲೆ ಒಪ್ಪಿದೆ. ನಮ್ಮ ಅಭಿಪ್ರಾಯ: ಲೆಕ್ಕ ಇಟ್ಟುಕೊಂಡು ಮಾಡಿಸಿ ನೋಡಲು ಅಡ್ಡಿಯಿಲ್ಲ, ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ಓಡಾಡಬೇಡಿ.

ಸವೆದ ಮೂಳೆ ಸರಿಹೋಗುತ್ತದೆಯೇ? ಜಾರಿದ ಡಿಸ್ಕ್ ಕೂರುತ್ತದೆಯೇ?

ಇಲ್ಲ. ಸೂಜಿ ನರಮಂಡಲದಲ್ಲಿ ನೋವಿನ ಸಂದೇಶವನ್ನು ತಗ್ಗಿಸುತ್ತದೆ, ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಎಕ್ಸ್‌ರೇ ಮೊದಲಿನಂತೆಯೇ ಇರುತ್ತದೆ. ‘ಆಪರೇಷನ್ ಇಲ್ಲದೆ ಡಿಸ್ಕ್ ಕೂರಿಸುತ್ತೇವೆ’ ಎಂಬ ಫ್ಲೆಕ್ಸ್ ಕಂಡರೆ ಮುಂದಕ್ಕೆ ಹೋಗಿ. ಡಿಸ್ಕ್ ಉಬ್ಬಿ ಕಾಲಿಗೆ ಚಳುಕು ಹೊಡೆಯುವ ನೋವು ಬಹಳ ಜನರಲ್ಲಿ ಆರರಿಂದ ಹನ್ನೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಕೈಯಾಡಿಸುತ್ತಿದ್ದವರಿಗೆ ಅದರ ಹೆಸರು ಬರುತ್ತದೆ, ಅಷ್ಟೇ.

ಮೊದಲು ಡಾಕ್ಟರಿಗೇ ತೋರಿಸಬೇಕಾದ ನೋವು ಯಾವುದು?

ನಡನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು: ರಾಯಚೂರಿನ ರಿಮ್ಸ್, ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ (ಜನ ಇಂದಿಗೂ ವಿಮ್ಸ್ ಎನ್ನುತ್ತಾರೆ), ಕೊಪ್ಪಳದ ಕಿಮ್ಸ್. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ಒಂದೆರಡು ದಿನ ತಡವಾದರೂ ಶಾಶ್ವತ ಊನ ಉಳಿಯಬಹುದು.

ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಕುರಿ ಮೇಯಿಸುವವರು, ಕುರಿಯ ಹೆರಿಗೆ ಮಾಡಿಸುವವರು, ಕಾಯಿಸದ ಹಾಲು ಕುಡಿಯುವವರಿಗೆ ಬಿಟ್ಟು ಬಿಟ್ಟು ಜ್ವರ ಬಂದು ನಡ ಹಿಡಿದರೆ ಕುರಿ, ದನಗಳಿಂದ ಹರಡುವ ಬ್ರುಸೆಲ್ಲೋಸಿಸ್ ಸೋಂಕಿನ ರಕ್ತಪರೀಕ್ಷೆ ಆಗಲೇಬೇಕು. ಕೇಳದಿದ್ದರೆ ಯಾರೂ ಬರೆಯುವುದಿಲ್ಲ, ಹಾಗಾಗಿ ಕುರಿಯ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಬಿದ್ದ ಮೇಲೆ ಬಂದ ನೋವು, ಮೊದಲು ಕ್ಯಾನ್ಸರ್ ಆಗಿದ್ದವರ ಹೊಸ ಮೂಳೆನೋವು, ಒಂದೇ ಕೀಲು ಕೆಂಪಗೆ ಬಿಸಿಯಾಗಿ ಊದಿರುವುದು, ಇವೂ ಇದೇ ಸಾಲಿನವು. ಎಡಗೈ, ದವಡೆ, ಎದೆಯಲ್ಲಿ ಬೆವರಿನ ಜೊತೆ ಬಂದ ನೋವನ್ನು ‘ಗ್ಯಾಸು, ನರ ಹಿಡಿದದ’ ಎಂದು ತಿಕ್ಕಿಸುತ್ತ ಕೂರಬೇಡಿ. ಇಸಿಜಿಗೆ ಹತ್ತು ನಿಮಿಷ ಸಾಕು.

ಊರಲ್ಲಿ ಅರ್ಧ ಜನಕ್ಕೆ ಕೀಲುನೋವು. ನೀರಿನದೇ ದೋಷವೇ?

ಇರಬಹುದು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಹೆಚ್ಚು ಸೇರಿದರೆ ಮೂಳೆ ಗಡುಸಾಗಿ, ಕಟ್ಟುನರಗಳಲ್ಲಿ ಸುಣ್ಣ ಕಟ್ಟಿ, ಕುತ್ತಿಗೆ, ನಡ, ಮೊಣಕಾಲು ಬಿಗಿಯುತ್ತವೆ.

ಮನೆಯಲ್ಲೇ ಮೂರು ಪರೀಕ್ಷೆ ಮಾಡಬಹುದು. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿ. ಗದ್ದವನ್ನು ಎದೆಗೆ ತಾಗಿಸಿ. ಎರಡೂ ಕೈ ಎತ್ತಿ ತಲೆಯ ಹಿಂಭಾಗ ಮುಟ್ಟಿ. ಇವು ಆಗದೆ, ಅದೇ ಊರಿನ ಮಕ್ಕಳ ಹಲ್ಲಿನಲ್ಲಿ ಕಂದು ಅಡ್ಡಗೆರೆಗಳಿದ್ದರೆ ನೀರು ಪರೀಕ್ಷಿಸಿ, ಮುಂಗೈ ಎಕ್ಸ್‌ರೇ ತೆಗೆಸಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಇಂಥ ನೋವಿಗೆ ಸೂಜಿ, ಎಣ್ಣೆ ನಾಲ್ಕು ದಿನದ ಆರಾಮ ಕೊಡಬಹುದು. ಕುಡಿಯುವ ನೀರು ಬದಲಾಗದೆ ಮಾಡಿಸಿದ ಚಿಕಿತ್ಸೆ ತೂತು ಕೊಡಕ್ಕೆ ನೀರು ಹೊಯ್ದಂತೆ.

ಸೂಜಿ ಎಷ್ಟು ದಪ್ಪ? ನೋಯುತ್ತದೆಯೇ?

ಸಾಮಾನ್ಯವಾಗಿ ಬಳಸುವುದು 0.25 ಮಿಲಿಮೀಟರ್ ದಪ್ಪದ್ದು, ಮುಖಕ್ಕೆ ಇನ್ನೂ ಸಣ್ಣದು. ಇಂಜೆಕ್ಷನ್ ಸೂಜಿ ಇದರ ಎರಡು ಪಟ್ಟಿಗೂ ಮೀರಿ ದಪ್ಪ. ಇದು ಟೊಳ್ಳಲ್ಲ, ಒಳಗೆ ಔಷಧ ಇರುವುದಿಲ್ಲ. ಉದ್ದ 13 ಮಿಲಿಮೀಟರಿನಿಂದ 75ರ ತನಕ, ಪೃಷ್ಠದಂಥ ದಪ್ಪ ಸ್ನಾಯುವಿಗೆ ಮಾತ್ರ ಉದ್ದನೆಯದು. ಒಳಹೋಗುವಾಗ ಇರುವೆ ಕಚ್ಚಿದಷ್ಟು ಚುರುಕು. ಆಮೇಲೆ ಆ ಜಾಗ ಭಾರವಾದಂತೆ, ಜುಮ್ಮೆಂದಂತೆ ಆಗುತ್ತದೆ, ಅದು ಸರಿಯಾದ ಲಕ್ಷಣ. ಉರಿ ಅಥವಾ ಕರೆಂಟ್ ಹೊಡೆದಂಥ ಚಳುಕು ಬಂದರೆ ಸೂಜಿ ನರಕ್ಕೆ ತಾಗಿದೆ. ಸಹಿಸಿಕೊಂಡು ಮಲಗಬೇಡಿ, ಕೂಡಲೇ ಹೇಳಿ, ತೆಗೆದು ಬೇರೆ ಕಡೆ ಹಾಕುತ್ತಾರೆ.

ಒಂದು ಸಲಕ್ಕೆ ಏನೇನು ನಡೆಯುತ್ತದೆ?

ಮೊದಲ ಸಲ ವಿಚಾರಣೆಗೇ ಅರ್ಧ ಗಂಟೆ ಹಿಡಿಯಬೇಕು. ಎಲ್ಲಿ ನೋವು, ಯಾವಾಗಿನಿಂದ, ಏನು ಮಾಡಿದರೆ ಹೆಚ್ಚು, ಯಾವ ಗುಳಿಗೆ, ಸಕ್ಕರೆ ಕಾಯಿಲೆ ಇದೆಯೇ, ಗರ್ಭಿಣಿಯೇ. ಏನೂ ಕೇಳದೆ ಮಂಚ ತೋರಿಸುವ ಕಡೆ ಮಲಗಬೇಡಿ. ನಂತರ ಮಲಗಿಸಿ, ಚರ್ಮ ಒರೆಸಿ, ಸಣ್ಣ ಪ್ಲಾಸ್ಟಿಕ್ ನಳಿಗೆಯೊಳಗಿಂದ ಸೂಜಿಯ ತಲೆಯನ್ನು ಬೆರಳಲ್ಲಿ ತಟ್ಟಿ ಕೂರಿಸುತ್ತಾರೆ. ಒಟ್ಟು ಎಂಟರಿಂದ ಹದಿನೈದು ಸೂಜಿ, 15ರಿಂದ 30 ನಿಮಿಷ. ಕೆಲವರು ಸೂಜಿಗೆ ಕ್ಲಿಪ್ ಹಾಕಿ ಸಣ್ಣ ಕರೆಂಟ್ ಹರಿಸುತ್ತಾರೆ. ಕೆಲವರು ನಮ್ಮ ಮಾಚಿಪತ್ರೆಯ ಜಾತಿಯ ಒಣಗಿದ ಎಲೆಯ ಬತ್ತಿ ಹಚ್ಚಿ ಶಾಖ ಕೊಡುತ್ತಾರೆ, ಅದಕ್ಕೆ ಮಾಕ್ಸಾ ಎಂದು ಹೆಸರು.

ಹಾಕುವಾಗ ಎಷ್ಟು ಎಂದು ಎಣಿಸಿ, ತೆಗೆಯುವಾಗಲೂ ಎಣಿಸಬೇಕು. ತಲೆಗೂದಲಲ್ಲಿ, ಬೆನ್ನ ಹಿಂದೆ ಒಂದು ಸೂಜಿ ಮರೆತುಹೋಗುವುದು ಅಪರೂಪವೇನಲ್ಲ. ಎಣಿಕೆ ನೀವೂ ಇಟ್ಟುಕೊಳ್ಳಿ.

ಎಷ್ಟು ಸಲ ಹೋಗಬೇಕು? ಆಗುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ವಾರಕ್ಕೆ ಒಂದು ಅಥವಾ ಎರಡು ಸಲದಂತೆ ಆರು ಸಲ, ಅದು ಮೊದಲ ಸುತ್ತು. ಅಲ್ಲಿಗೆ ನಿಂತು ಲೆಕ್ಕ ನೋಡಬೇಕು. ಲೆಕ್ಕ ಇಡದಿದ್ದರೆ ನೆನಪು ಮೋಸ ಮಾಡುತ್ತದೆ. ನೋವು ತಾನಾಗಿಯೇ ಏರಿಳಿಯುವ ವಸ್ತು. ಜನ ಚಿಕಿತ್ಸೆಗೆ ಹೋಗುವುದು ಅದು ಹೆಚ್ಚಾದ ದಿನ, ಮರುವಾರ ಇಳಿದರೆ ಹೋಗಿಬಂದದ್ದಕ್ಕೇ ಇಳಿಯಿತು ಎನ್ನಿಸುತ್ತದೆ.

ಚಿಕಿತ್ಸೆ ಶುರುವಾಗುವ ಒಂದು ವಾರ ಮೊದಲೇ ಕ್ಯಾಲೆಂಡರಿನ ಮೇಲೆ ಬರೆಯಲು ಆರಂಭಿಸಿ. ದಿನವೂ ರಾತ್ರಿ ಮೂರು ಅಂಕಿ ಸಾಕು: ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು, ನುಂಗಿದ ಗುಳಿಗೆ ಎಷ್ಟು, ಮತ್ತು ನಿಮ್ಮದೇ ಒಂದು ಕೆಲಸದ ಅಳತೆ. ಕೆಲಸದ ಅಳತೆಯೇ ಮುಖ್ಯ. ರೊಟ್ಟಿ ಬಡಿಯಲು ಎಷ್ಟು ಹೊತ್ತು ನೆಲದ ಮೇಲೆ ಕೂತೆ, ಮಷಿನ್ ಮೇಲಿಂದ ಏಳದೆ ಎಷ್ಟು ಪ್ಯಾಂಟ್ ಹೊಲಿದೆ, ನಿಲ್ಲದೆ ಎಷ್ಟು ದೂರ ನಡೆದೆ. ಆರು ಸಲದ ನಂತರ ನೋವಿನ ಅಂಕಿ ಮೂರನೇ ಒಂದು ಭಾಗವಾದರೂ ಇಳಿದು ಕೆಲಸದ ಅಳತೆ ಏರಿದ್ದರೆ ಇನ್ನೂ ನಾಲ್ಕು ಸಲ ಮಾಡಿಸಿ. ಎರಡೂ ಅಲುಗದಿದ್ದರೆ ನಿಲ್ಲಿಸಿ. ‘ಇನ್ನೊಂದು ಹದಿನೈದು ಸಲ ಆಗಲಿ, ಒಳಗೆ ಕೆಲಸ ನಡೀತಾ ಇದೆ’ ಎಂಬ ಮಾತಿಗೆ ಬೀಳಬೇಡಿ.

ಯಾರ ಹತ್ತಿರ ಹೋಗಬೇಕು?

ಕೇಂದ್ರ ಸರ್ಕಾರ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಮಾನ್ಯ ಮಾಡಿದ್ದು 2019ರಲ್ಲಿ. ಪಶ್ಚಿಮ ಬಂಗಾಳದಲ್ಲಿ 1996ರ, ಮಹಾರಾಷ್ಟ್ರದಲ್ಲಿ 2015ರ ಪ್ರತ್ಯೇಕ ಕಾಯ್ದೆಗಳಿವೆ. ಬಂಗಾಳ ಮುಂದಿರುವುದಕ್ಕೆ ಕಾರಣವಿದೆ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ನಮ್ಮ ನೆರೆಯ ಸೊಲ್ಲಾಪುರದ ಕೋಟ್ನಿಸ್ ಅಲ್ಲೇ ತೀರಿಕೊಂಡರು. ಅವರ ಜೊತೆಗಾರ ಬಿ.ಕೆ. ಬಸು 1959ರಲ್ಲಿ ಈ ವಿದ್ಯೆಯನ್ನು ಕಲಿತು ಕೋಲ್ಕತ್ತಕ್ಕೆ ತಂದರು.

ನಮ್ಮಲ್ಲಿ ನೋಡಬೇಕಾದದ್ದು ಸೂಜಿ ಹಿಡಿದವರ ಮೂಲ ಪದವಿ. ಐದೂವರೆ ವರ್ಷದ ಬಿಎನ್‌ವೈಎಸ್ ಪ್ರಕೃತಿ ಚಿಕಿತ್ಸೆ ಪದವಿಯಲ್ಲಿ ಅಕ್ಯುಪಂಕ್ಚರ್ ಪಠ್ಯದ ಭಾಗ. ಎಂಬಿಬಿಎಸ್ ಅಥವಾ ಬೇರೆ ವೈದ್ಯ ಪದವಿ ಮುಗಿಸಿ ತರಬೇತಿ ಪಡೆದವರೂ ಸಿಗುತ್ತಾರೆ. ವಾರಾಂತ್ಯದ ಶಿಬಿರದ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿ ತೂಗುಹಾಕಿದವರು ಬೇಡ. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಸಂಖ್ಯೆ ಗೋಡೆಯ ಮೇಲೆ ಇರಬೇಕು. ಕಲ್ಯಾಣ ಮಂಟಪದಲ್ಲಿ ಮೂರು ದಿನದ ಶಿಬಿರ ಹಾಕಿ ನಾಲ್ಕನೇ ದಿನ ಊರು ಬಿಡುವವರಿಗೆ ಮೈ ಕೊಟ್ಟರೆ, ಹೆಚ್ಚುಕಡಿಮೆಯಾದಾಗ ಯಾರನ್ನು ಹುಡುಕುತ್ತೀರಿ?

ಸೂಜಿ ಹೊಸದೋ ಹಳೆಯದೋ ಹೇಗೆ ಗೊತ್ತಾಗುತ್ತದೆ?

ನಿಮ್ಮ ಕಣ್ಣ ಮುಂದೆ ಸೀಲ್ ಒಡೆಯಬೇಕು. ಪೊಟ್ಟಣದ ಮೇಲೆ ಸ್ಟೆರೈಲ್ ಎಂದು, ಒಂದೇ ಸಲ ಬಳಸತಕ್ಕದ್ದು ಎಂದು, ಅವಧಿ ಮುಗಿಯುವ ತಾರೀಖು ಇರುತ್ತದೆ. ಬಳಸಿದ ಸೂಜಿ ತೂತು ಬೀಳದ ಬಿಳಿ ಅರೆಪಾರದರ್ಶಕ ಡಬ್ಬಿಗೆ ಹೋಗಬೇಕು ಎನ್ನುವುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ. ಸ್ಪಿರಿಟ್ ತುಂಬಿದ ಸ್ಟೀಲ್ ಲೋಟದಲ್ಲಿ ಸೂಜಿ ನೆನೆಹಾಕಿದ್ದರೆ, ‘ನಿಮ್ಮ ಸೂಜಿ ನಿಮಗೇ, ಹೆಸರು ಬರೆದು ಇಟ್ಟಿರುತ್ತೇವೆ’ ಎಂದರೆ ಎದ್ದು ಬನ್ನಿ. ಹೆಪಟೈಟಿಸ್ ಬಿ ವೈರಸ್ಸಿಗೆ ಕಣ್ಣಿಗೆ ಕಾಣದಷ್ಟು ರಕ್ತ ಸಾಕು, ಸ್ಪಿರಿಟ್ಟಿನಲ್ಲಿ ಅದ್ದುವುದನ್ನು ನಂಬುವಂತಿಲ್ಲ.

ಏನು ತಪ್ಪಾಗಬಹುದು?

ಹೆಚ್ಚಾಗಿ ಆಗುವುದು ಒಂದು ಹನಿ ರಕ್ತ, ನೀಲಿ ಕಲೆ, ಒಂದು ದಿನದ ಮೈಕೈ ನೋವು. ತಲೆ ಸುತ್ತಿ ಬೀಳುವುದು ನಮ್ಮ ಬೇಸಿಗೆಯಲ್ಲಿ ಹೆಚ್ಚು. ಮೇ ತಿಂಗಳ ಬಿಸಿಲಲ್ಲಿ ಬಸ್ಸಿಳಿದು, ನೀರು ಕುಡಿಯದೆ, ಹೊಟ್ಟೆ ಖಾಲಿ ಇಟ್ಟುಕೊಂಡು, ಕುರ್ಚಿಯ ಮೇಲೆ ಕೂತು ಕುತ್ತಿಗೆಗೆ ಸೂಜಿ ಹಾಕಿಸಿಕೊಂಡವರು ಬೀಳದಿದ್ದರೇ ಆಶ್ಚರ್ಯ. ಮೊದಲ ಸಲ ಮಲಗಿಯೇ ಹಾಕಿಸಿಕೊಳ್ಳಿ. ಶ್ರಾವಣದ ಉಪವಾಸವಿದ್ದರೆ, ರೋಜಾ ಇದ್ದರೆ ಬೇರೆ ದಿನ ಕೇಳಿ.

ಅಪರೂಪಕ್ಕೆ ಆಗುವ ದೊಡ್ಡ ಅಪಾಯ ಶ್ವಾಸಕೋಶಕ್ಕೆ ತೂತು. ಹೆಗಲ ಮೇಲ್ಭಾಗ, ಎರಡು ರೆಕ್ಕೆಮೂಳೆಗಳ ನಡುವೆ, ಪಕ್ಕೆಲುಬಿನ ಮೇಲೆ ಚರ್ಮದಿಂದ ಶ್ವಾಸಕೋಶ ದೂರವಿಲ್ಲ, ತೆಳ್ಳಗಿನವರಲ್ಲಂತೂ ಒಂದೆರಡು ಸೆಂಟಿಮೀಟರ್ ಅಷ್ಟೇ. ಅಲ್ಲಿ ಓರೆಯಾಗಿ, ಮೇಲೆಮೇಲೆ ಹಾಕಬೇಕು. ಮಾಡಿಸಿಕೊಂಡ ದಿನ ಅಥವಾ ಮರುದಿನ ಉಸಿರೆಳೆದರೆ ಎದೆ ಚುಚ್ಚುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ಆಸ್ಪತ್ರೆಗೆ ಹೋಗಿ, ಬೆನ್ನಿಗೆ ಸೂಜಿ ಹಾಕಿಸಿದ್ದನ್ನು ಮುಚ್ಚಿಡದೆ ಹೇಳಿ, ಎದೆಯ ಎಕ್ಸ್‌ರೇ ತೆಗೆಸಿ.

ಯಾರಿಗೆ ಬೇಡ, ಯಾರು ಮೊದಲೇ ಹೇಳಬೇಕು?

ರಕ್ತ ತೆಳುಮಾಡುವ ವಾರ್ಫರಿನ್, ಅಸಿಟ್ರೋಮ್, ಕ್ಲೋಪಿಡೋಗ್ರೆಲ್ ನುಂಗುವವರು ಹೇಳಲೇಬೇಕು. ಸೂಜಿ ಹಾಕಿಸಿಕೊಳ್ಳಲೆಂದು ನೀವಾಗಿ ಗುಳಿಗೆ ನಿಲ್ಲಿಸುವುದು ಸೂಜಿಗಿಂತ ದೊಡ್ಡ ಅಪಾಯ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಹರಿಸುವ ಸೂಜಿ ಬೇಡ. ಗರ್ಭಿಣಿಯರಿಗೆ ಹೊಟ್ಟೆ, ಕೆಳನಡ ಮತ್ತು ಕೆಲವು ಬಿಂದುಗಳನ್ನು ಬಿಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಪಾದದಲ್ಲಿ ಸೂಜಿ, ಮಾಕ್ಸಾ ಶಾಖ, ಬಿಸಿನೀರಿನ ಚೀಲ ಯಾವುದೂ ಬೇಡ. ಸುಟ್ಟದ್ದು ಗೊತ್ತಾಗುವುದಿಲ್ಲ, ಹುಣ್ಣು ಮಾಯುವುದಿಲ್ಲ, ಎಷ್ಟೋ ಸಲ ಬೆರಳು ಹೋಗುವುದು ಹೀಗೆಯೇ.

ಫಿಸಿಯೋಥೆರಪಿಯವರೂ ಸೂಜಿ ಚುಚ್ಚುತ್ತಾರಲ್ಲ?

ಅದು ಡ್ರೈ ನೀಡ್ಲಿಂಗ್. ಸೂಜಿ ಅದೇ, ಲೆಕ್ಕಾಚಾರ ಬೇರೆ. ಸ್ನಾಯುವಿನಲ್ಲಿ ಗಂಟು ಕಟ್ಟಿದ ಜಾಗ ಹುಡುಕಿ ಅಲ್ಲಿಗೇ ಚುಚ್ಚುತ್ತಾರೆ, ಸ್ನಾಯು ಒಮ್ಮೆ ಪಟ್ಟನೆ ಅದುರುತ್ತದೆ. ಮರುದಿನದ ನೋವು ಇದರಲ್ಲಿ ಹೆಚ್ಚು. ಎಚ್ಚರಿಕೆಗಳೆಲ್ಲ ಒಂದೇ.

ಕರೆಂಟ್ ಕೊಡುವುದು, ಜಗ್ಗುವುದು, ಬೆಲ್ಟ್ ಕಟ್ಟುವುದು?

ಹಳೆಯ ನಡನೋವಿಗೆ ಟೆನ್ಸ್ ಯಂತ್ರ, ಅಲ್ಟ್ರಾಸೌಂಡ್ ಶಾಖ, ಟ್ರ್ಯಾಕ್ಷನ್, ನಡುಪಟ್ಟಿ ಇವನ್ನು ವಾಡಿಕೆಯಾಗಿ ಬಳಸಬೇಡಿ ಎಂದು ಮೇಲೆ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೇ ಹೇಳುತ್ತದೆ. ಆದರೂ ಹತ್ತು ದಿನ ಯಂತ್ರ ಹಚ್ಚಿ ಕಳಿಸುವುದು ನಿಂತಿಲ್ಲ. ಫಿಸಿಯೋಥೆರಪಿಯಲ್ಲಿ ಬೆಲೆಯುಳ್ಳದ್ದು ಕಲಿಸಿಕೊಡುವ ವ್ಯಾಯಾಮ. ಮೊಣಕಾಲು ನೋವಿಗೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆ ಬಿಗಿದು ಟವೆಲನ್ನು ಐದು ಸೆಕೆಂಡ್ ಒತ್ತಿ ಬಿಡಿ. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ನಡಕ್ಕೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಎತ್ತಿ ಐದು ಸೆಕೆಂಡ್ ಹಿಡಿದು ಇಳಿಸಿ, ಇದೂ ಹತ್ತು ಸಲ. ಸೂಜಿಯಿಂದ ನೋವು ತಗ್ಗಿದ ಎರಡು ದಿನ ಇವನ್ನು ಮಾಡಲು ಒಳ್ಳೆಯ ಸಮಯ. ಬಹಳ ಜನ ಆ ಎರಡು ದಿನವನ್ನು ಬಾಕಿ ಉಳಿದ ಚೀಲ ಎತ್ತಲು ಬಳಸುತ್ತಾರೆ, ಮೂರನೇ ದಿನ ಮತ್ತೆ ನಡ ಹಿಡಿಯುತ್ತದೆ.

ಎಣ್ಣೆ ತಿಕ್ಕಿಸುವುದು, ಕಟಿಬಸ್ತಿ?

ಬಿಗಿದ ಸ್ನಾಯುವಿಗೆ ಎಣ್ಣೆ, ಶಾಖ ಹಿತ. ಕಟಿಬಸ್ತಿಯಲ್ಲಿ ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ನಡದ ಮೇಲೆ ಬಳೆಯಂತೆ ಕಟ್ಟೆ ಕಟ್ಟಿ, ಬೆಚ್ಚಗಿನ ತೈಲ ತುಂಬಿ, ಆರಿದಂತೆ ಬದಲಿಸುತ್ತ ಸುಮಾರು ಅರ್ಧ ಗಂಟೆ ನಿಲ್ಲಿಸುತ್ತಾರೆ. ಬಳ್ಳಾರಿಯವರು ಖಾಸಗಿ ಕಡೆ ಹೋಗುವ ಮೊದಲು ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಎಣ್ಣೆಯನ್ನು ನೇರ ಒಲೆಯ ಮೇಲಲ್ಲ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಬೇಕು, ಬೆನ್ನಿಗೆ ಹೊಯ್ಯುವ ಮುನ್ನ ಮುಂಗೈಗೆ ಹನಿಸಿ ನೋಡಬೇಕು.

ತಿಕ್ಕಬಾರದ ಹೊತ್ತೂ ಇದೆ. ಹೊಸ ಉಳುಕಿಗೆ ಮೊದಲ ಎರಡು ದಿನ ಬಿಸಿ ಎಣ್ಣೆ ಹಾಕಿ ತಿಕ್ಕಿದರೆ ಒಳಗಿನ ರಕ್ತಸ್ರಾವ, ಊತ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು–ಹದಿನೈದು ನಿಮಿಷ ಇಡಿ. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಕೈ ಹಚ್ಚಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.

ಹಿಜಾಮಾ ಮಾಡಿಸಬಹುದೇ?

ಒಣ ಕಪ್ ಐದರಿಂದ ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಗುಳ್ಳೆ ಏಳುತ್ತದೆ. ದುಂಡು ಕಲೆ ಒಂದು ವಾರ ಇರುತ್ತದೆ. ರಕ್ತ ತೆಗೆಯುವ ಹಿಜಾಮಾಕ್ಕೆ ಹೊಸ ಬ್ಲೇಡ್, ಹೊಸ ಕಪ್, ಕೈಗವಸು ಬೇಕೇ ಬೇಕು. ತೊಳೆದ ಕಪ್ ಹೊಸ ಕಪ್ ಅಲ್ಲ. ರಕ್ತಹೀನತೆ ಇದ್ದವರಿಗೆ ಬೇಡ, ಆದ್ದರಿಂದ ಹೆಣ್ಣುಮಕ್ಕಳು ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಹೊರಬಂದ ಕಪ್ಪು ರಕ್ತವನ್ನು ‘ಕೆಟ್ಟ ರಕ್ತ’ ಎಂದು ತೋರಿಸುತ್ತಾರೆ. ಗಾಳಿ ಹೀರಿದ ಕಪ್ ಒಳಗೆ ನಿಂತ ಯಾರ ರಕ್ತವೂ ಹೆಪ್ಪುಗಟ್ಟಿ ಕಪ್ಪಾಗಿಯೇ ಕಾಣುತ್ತದೆ.

ಪುತ್ತೂರು ಕಟ್ಟು, ಉಳುಕು ತೆಗೆಯುವವರು, ಕುತ್ತಿಗೆ ಲಟಕ್ಕೆನಿಸುವವರು?

ಮೊದಲು ಎಕ್ಸ್‌ರೇ. ಮುರಿದಿಲ್ಲ ಎಂದು ಖಾತ್ರಿಯಾದ ಉಳುಕಿಗೆ ಕಟ್ಟು ಹಾಕಿಸಿದರೆ ದೊಡ್ಡ ನಷ್ಟವಿಲ್ಲ. ಮುರಿದ ಮೂಳೆಗೆ ಬಿದಿರು ಪಟ್ಟಿ ಇಟ್ಟು ಬಿಗಿದರೆ ಒಳಗಿನ ಊತಕ್ಕೆ ಜಾಗವಿಲ್ಲದೆ ರಕ್ತ ಓಡಾಟ ನಿಲ್ಲುತ್ತದೆ. ಬೆರಳು ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು, ಬೆರಳನ್ನು ಸ್ವಲ್ಪ ಹಿಂದಕ್ಕೆ ಬಗ್ಗಿಸಿದರೂ ಪ್ರಾಣ ಹೋಗುವಂತೆ ನೋಯುತ್ತಿದ್ದರೆ ಕಟ್ಟನ್ನು ಆ ಕ್ಷಣವೇ ಕತ್ತರಿಸಿ ಆಸ್ಪತ್ರೆಗೆ ಓಡಿ. ಬೆಳಗಾಗಲಿ ಎಂದು ಕಾದರೆ ಕೈಯೋ ಕಾಲೋ ಕೊಳೆತು ಕತ್ತರಿಸಬೇಕಾಗುತ್ತದೆ. ಮಕ್ಕಳ ಮೊಣಕೈ ಪೆಟ್ಟಿಗಂತೂ ಕಟ್ಟು ಬೇಡವೇ ಬೇಡ.

ಕುತ್ತಿಗೆಯನ್ನು ಹಠಾತ್ತನೆ ತಿರುವಿ ಸದ್ದು ಮಾಡಿಸುವುದು ಹಜಾಮತಿ ಅಂಗಡಿಯಲ್ಲಿ ಬಿಟ್ಟಿ ಸಿಗುವ ಸೇವೆ. ಬೇಡ ಎನ್ನಿ. ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಮನೆಯಲ್ಲೇ ಒತ್ತಿಕೊಳ್ಳುವ ಬಿಂದುಗಳಿವೆಯೇ?

ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸದ ಉಬ್ಬನ್ನು ತಲೆನೋವಿಗೆ ಒಂದೆರಡು ನಿಮಿಷ ಒತ್ತಿ ನೋಡಬಹುದು, ಗರ್ಭಿಣಿಯರಿಗೆ ಇದು ಬೇಡ ಎಂಬುದು ರೂಢಿ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಒತ್ತಿದರೆ ವಾಕರಿಕೆ ತಗ್ಗಬಹುದು, ಬಸ್ ಪ್ರಯಾಣದಲ್ಲಿ ಒತ್ತಿ ನೋಡಬಹುದು. ಜಾತ್ರೆಯಲ್ಲಿ ಮಾರುವ ಮುಳ್ಳಿನ ಚಪ್ಪಲಿ ಸಕ್ಕರೆ ಕಾಯಿಲೆಯವರಿಗೆ ಬೇಡ.

ಚಿಕಿತ್ಸೆ ಶುರುವಾದ ಮೇಲೆ ಗುಳಿಗೆ ಬಿಡಬಹುದೇ?

ನೋವಿನ ಗುಳಿಗೆಯನ್ನು ನೋವು ಇಳಿದಂತೆ ಇಳಿಸಿ. ಬಿಪಿ, ಸಕ್ಕರೆ, ಸಂಧಿವಾತದ ಔಷಧ ಮುಟ್ಟಬೇಡಿ. ಸೂಜಿಯ ಜೊತೆ ಹೆಸರಿಲ್ಲದ ಪುಡಿ ಪೊಟ್ಟಣ ಕೊಟ್ಟು, ಅದು ನುಂಗಿದ ಎರಡೇ ದಿನಕ್ಕೆ ನೋವೆಲ್ಲ ಮಾಯವಾಗಿ, ಹಸಿವು ಹೆಚ್ಚಿ, ಮುಖ ಊದಿಕೊಂಡರೆ ಅದರಲ್ಲಿ ಸ್ಟಿರಾಯ್ಡ್ ಇದೆ ಎಂದು ಅನುಮಾನಿಸಿ. ವಾರಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ.

ಖರ್ಚು?

ಒಂದು ಸಲದ ಫೀಸು ಕೇಳಿದರೆ ಸಾಲದು. ಆರು ಸಲದ ಒಟ್ಟು ಎಷ್ಟು, ಸೂಜಿಯ ದುಡ್ಡು ಅದರಲ್ಲೇ ಸೇರಿದೆಯೇ, ನಡುವೆ ನಿಲ್ಲಿಸಿದರೆ ಮುಂಗಡ ವಾಪಸೇ, ಮೂರನ್ನೂ ಕೇಳಿ. ಇಪ್ಪತ್ತು ಸಲದ ಪ್ಯಾಕೇಜ್ ಮೊದಲೇ ಕಟ್ಟಬೇಡಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಉಳಿಯುತ್ತದೆ, ಆದರೆ ಆರು ದಿನದ ಕೂಲಿ ಉಳಿಯುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಡನೋವಿನವರು ಕುಷ್ಟಗಿಯಿಂದ ಕೊಪ್ಪಳಕ್ಕೆ ಹಿಂದಿನ ಸೀಟಿನಲ್ಲಿ ಕುಲುಕಿಕೊಂಡು ಹೋಗಿ ಬಂದರೆ ಸೂಜಿಯ ಗುಣ ದಾರಿಯಲ್ಲೇ ಖರ್ಚಾಗುತ್ತದೆ. ಮುಂದಿನ ಸೀಟು ಹಿಡಿಯಿರಿ, ನಡದ ಹಿಂದೆ ಸುತ್ತಿದ ಟವೆಲ್ ಇಡಿ, ಇಲ್ಲವೇ ಹತ್ತಿರದ ಊರಲ್ಲಿ ಮಾಡಿಸಿ.

ಸೂಜಿ ಹಾಕಿಸಿದ ದಿನ ಸ್ನಾನ, ಊಟ, ಕೆಲಸ?

ಒಂದೆರಡು ಗಂಟೆ ಮೊದಲು ಹಗುರಾಗಿ ಉಂಡು ಹೋಗಿ. ಬಂದ ಮೇಲೆ ನೀರು ಕುಡಿಯಿರಿ, ಸಂಜೆ ಸ್ನಾನ ಮಾಡಬಹುದು. ತಲೆ ಹಗುರಾದಂತಿದ್ದರೆ ಕಾಲು ಗಂಟೆ ಕೂತು ಆಮೇಲೆ ಬೈಕ್ ಹತ್ತಿ. ಭಾರ ಎತ್ತುವುದು ಮರುದಿನಕ್ಕಿರಲಿ.